ಕುಡಿಯದವನ ಅಮಲು

ಯರಗಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಆ ಬೆಳಿಗ್ಗೆ ನಾನು ಏನು ಮಾಡಿದೆನೆಂಬುದು ನನಗೆ ನೆನಪಿಲ್ಲ. ನೆನಪಿರುವುದು ಅದಕ್ಕೆ ಮುಂಚಿನದು. ನಾನು ಓಡಿಸುತ್ತಿದ್ದದ್ದು ಬೈಲಹೊಂಗಲದಿಂದ ರಾಮದುರ್ಗಕ್ಕೆ ಹೋಗುವ ಮೊದಲ ಗಾಡಿ. ಮುರಗೋಡ ದಾಟಿದ ಮೇಲೆ ಎದುರಿಗೆ ಬಂದ ಕಬ್ಬಿನ ಟ್ರ್ಯಾಕ್ಟರು. ಅದರ ಎರಡು ದೀಪ ನನಗೆ ನಾಲ್ಕಾಗಿ ಕಂಡದ್ದು. ಅಲ್ಲಿಂದ ಮುಂದೆ ಹರಿದು ತೆಗೆದ ಹಾಗೆ ಖಾಲಿ. ಮತ್ತೆ ನೆನಪು ಶುರುವಾಗುವುದು ಚಹಾದ ರುಚಿಯಿಂದ. ಯಾರೋ ನನ್ನ ಬಾಯಿಗೆ ಕಪ್ಪು ಹಿಡಿದಿದ್ದರು. ನಾನು ಬಸ್ಸಿನ ಮುಂದಿನ ಗಾಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಿದ್ದೆ. ಖಾಕಿ ಅಂಗಿಯ ಗುಂಡಿಗಳೆಲ್ಲ ಬಿಚ್ಚಿದ್ದವು. ಪ್ಯಾಂಟು ಒದ್ದೆಯಾಗಿತ್ತು. ಸುತ್ತ ಮಂದಿ ಸೇರಿದ್ದರು. ಅವರಲ್ಲಿ ಕೆಲವರು ಮೊಬೈಲು ಎತ್ತಿ ಹಿಡಿದಿದ್ದರು.

ಉಳಿದದ್ದನ್ನು ಬೇರೆಯವರ ಬಾಯಿಂದ ಕೇಳಿದೆ. ಗಾಡಿಯನ್ನು ಸ್ಟ್ಯಾಂಡಿನವರೆಗೆ ನಾನೇ ತಂದಿದ್ದೆನಂತೆ. ಅಡ್ಡಲಾಗಿ ನಿಲ್ಲಿಸಿ ಕೆಳಗಿಳಿದು, ಹೆಂಗಸರು ಮಕ್ಕಳೆನ್ನದೆ ಎಲ್ಲರೆದುರಿಗೆ ಗಾಲಿಗೆ ಮೂತ್ರ ಮಾಡಿದೆನಂತೆ. ತಡೆಯಲು ಬಂದ ಕಂಡಕ್ಟರಿಗೆ ಹೊಲಸು ಮಾತು ಬೈದೆನಂತೆ. ಆ ಕಂಡಕ್ಟರು ಸಂಗೊಳ್ಳಿಯ ಹುಡುಗಿ, ಕೆಲಸಕ್ಕೆ ಸೇರಿ ಬಹಳ ದಿನವಾಗಿರಲಿಲ್ಲ. ನನ್ನನ್ನು ಅಣ್ಣಾರ ಎಂದು ಕರೆಯುತ್ತಿದ್ದಳು. ಬಾಯಿಗೆ ಕಪ್ಪು ಹಿಡಿದವಳೂ ಅವಳೇ.

ಡಿಪೋಕ್ಕೆ ಕರೆತಂದರು. ಊದುವ ಯಂತ್ರ ತಂದು ಊದಿಸಿದರು. ಸೊನ್ನೆ ತೋರಿಸಿತು. ಡಿಪೋದ ಸಾಹೇಬರು ಅದನ್ನು ನೋಡಿ ಪಕ್ಕಕ್ಕಿಟ್ಟರು.

"ಚಹಾ ಕುಡಿಸ್ಯಾರ, ಹೊತ್ತ ಬ್ಯಾರೆ ಭಾಳ ಆಗೇತಿ. ಈಗ ಊದಿದ್ರ ಏನ್ ಬರ್ತೈತ್ರಿ?"

"ನಾ ಜಲ್ಮದಾಗ ಮುಟ್ಟಿಲ್ರಿ ಸಾಹೇಬ್ರ."

"ಎಲ್ಲಾರೂ ಹಂಗ ಅಂತಾರ. ನಿಮ್ಮ ಮನಿ ಮಂದಿ ಮುಖಾ ನೋಡಿ ಮ್ಯಾಲೆ ಬರದು ಕಳಸೂದಿಲ್ಲ. ಸದ್ಯಕ್ಕ ಸ್ಟೇರಿಂಗ್ ಬ್ಯಾಡ. ಟಾಯರ್ ಸೆಕ್ಷನ್ದಾಗ ಇರ್ರಿ."

ಕೆಡುಕಿನ ಮಾತಲ್ಲ ಅದು. ಅವರು ದಯೆಯಿಂದಲೇ ಹೇಳಿದರು. ನಾನು ಕುಡಿದಿರಲಿಲ್ಲ ಎಂಬುದೊಂದು ಗೊತ್ತಿತ್ತು. ಹಾಗಾದರೆ ಅಲ್ಲಿ ನಿಂತು ಅದನ್ನೆಲ್ಲ ಮಾಡಿದವನು ಯಾರು ಎಂದು ಕೇಳಿದ್ದರೆ ನನ್ನ ಹತ್ತಿರ ಹೆಸರಿರಲಿಲ್ಲ.

ನಾನು ನೇಸರಗಿಗೆ ಮನೆ ಸೇರುವುದರೊಳಗೆ ಮೊಬೈಲಿನ ಚಿತ್ರ ಊರು ಸೇರಿತ್ತು. ರಾಮದುರ್ಗಕ್ಕೆ ಕೊಟ್ಟ ಮಗಳು ಫೋನು ಮಾಡಿ, "ಅಪ್ಪಾ, ಇಲ್ಲೆ ನಮ್ಮತ್ತಿ ಮಾವ ನೋಡ್ಯಾರ" ಎಂದಷ್ಟೇ ಹೇಳಿದಳು. ಇಬ್ಬರೂ ಫೋನು ಹಿಡಿದು ಉಸಿರು ಕೇಳುತ್ತ ಕುಳಿತೆವು.

ಮರುದಿನ ಕೈಕಾಲು ತೊಳೆದು ಒಳಗೆ ಬಂದಾಗ ಹೆಂಡತಿ ನನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದಳು. ನನ್ನನ್ನು ಕಂಡು ಅದನ್ನು ತೊಳೆಯುವವಳ ಹಾಗೆ ಬಚ್ಚಲಿಗೆ ಒಯ್ದಳು. ನಮ್ಮ ಮದುವೆಯಾದಾಗಿನಿಂದ ಅವಳು ನನ್ನನ್ನು ಅನುಮಾನಿಸಿದ್ದು ನಾನು ಕಂಡಿರಲಿಲ್ಲ. ಆದರೆ ಅವಳನ್ನು ದೂರುವುದಾದರೂ ಹೇಗೆ? ಆರು ತಿಂಗಳಿಂದ ನಾನು ಬೆಳಗಿನ ಹೊತ್ತು ಏನೇನೋ ಬಡಬಡಿಸುತ್ತಿದ್ದೆ, ಹಾಸಿಗೆ ಬೆವರಿನಿಂದ ತೊಯ್ಯುತ್ತಿತ್ತು, ಅವಳು ಕಾಸಿಕೊಟ್ಟ ಚಹಾ ಕುಡಿದು ಏನಾದರೂ ತಿಂದರೆ ಸರಿಹೋಗುತ್ತಿತ್ತು. ಅಂಗಿಗಳು ಬಿಗಿಯಾಗಿದ್ದವು. ಕಿಸೆಯಲ್ಲಿ ಯಾವಾಗಲೂ ಬೆಲ್ಲ, ಶೇಂಗಾ ಇರುತ್ತಿದ್ದವು. ಸಿಹಿ ತಿಂದಾಗ ತಲೆ ತಿಳಿಯಾಗುತ್ತದೆಂದು ನನ್ನ ದೇಹಕ್ಕೆ ಗೊತ್ತಾಗಿತ್ತು, ನನಗೆ ಗೊತ್ತಾಗಿರಲಿಲ್ಲ.

ಹೆಸರು ತೊಳೆದುಕೊಳ್ಳಲು ನಾನು ಹುಡುಕಿದ ದಾರಿ ಮತ್ತೂ ಕೆಟ್ಟದ್ದಾಯಿತು. ಊರ ಬಸವಣ್ಣನಿಗೆ ಸೋಮವಾರದ ಉಪವಾಸ ಹರಕೆ ಹೊತ್ತೆ. ಮೊದಲ ಸೋಮವಾರ ಹೇಗೋ ಕಳೆಯಿತು. ಎರಡನೆಯದರ ಮರುದಿನ ಬೆಳಕು ಹರಿಯುವಾಗ ನಾನು ದನದ ಕೊಟ್ಟಿಗೆಯಲ್ಲಿ ಎಮ್ಮೆಯ ಹಗ್ಗವನ್ನು ಗೇರು ಹಾಕಿದಂತೆ ಎಳೆಯುತ್ತ ನಿಂತಿದ್ದೆನಂತೆ. ಹೆಂಡತಿ ಮಾತಾಡಿಸಿದರೆ ಟಿಕೆಟ್ ಕೇಳಿದೆನಂತೆ. ಅವಳು ಈ ಸಲ ಚಹಾ ಕಾಸುತ್ತ ಕೂಡಲಿಲ್ಲ. ತನ್ನ ತಮ್ಮನನ್ನು ಕರೆದು, ನನ್ನನ್ನು ಹಾಗೇ ಗಾಡಿಯಲ್ಲಿ ಹಾಕಿಕೊಂಡು ಬೈಲಹೊಂಗಲದ ಡಾಕ್ಟರರ ಬಾಗಿಲು ಬಡಿದಳು. "ಹೆಂಗ ಆಗಾಕ ಹತ್ತೈತಿ, ಡಾಕ್ಟರ್ ಕಣ್ಣಿಗೂ ಬೀಳ್ಲಿ" ಎಂಬುದು ಅವಳ ಹಟ.

ಡಾಕ್ಟರು ನನ್ನ ಬೆರಳು ಚುಚ್ಚಿ ಸಕ್ಕರೆ ನೋಡಿದರು. ನಂಬದೆ ಇನ್ನೊಂದು ಬೆರಳು ಚುಚ್ಚಿದರು. ಆಮೇಲೆ ನರಕ್ಕೆ ಗ್ಲುಕೋಸು ಏರಿಸಿದರು. ಸೂಜಿ ಇನ್ನೂ ಕೈಯಲ್ಲಿರುವಾಗಲೇ ನನಗೆ ಎದುರಿನ ಗೋಡೆ, ಹೆಂಡತಿಯ ಮುಖ ಒಂದೊಂದಾಗಿ ಕಾಣತೊಡಗಿದವು.

"ಇದು ದಾರು ಅಲ್ರಿ ಅಕ್ಕಾರ" ಎಂದು ಅವರು ಹೆಂಡತಿಗೆ ಹೇಳುತ್ತಿದ್ದರು. "ಸಕ್ಕರಿ ಪೂರಾ ಇಳದೈತಿ. ಮಿದುಳಿಗೆ ಸಕ್ಕರಿ ಸಿಗದಿದ್ರ ಮನಷ್ಯಾ ಕುಡದವರಂಗ ಮಾಡ್ತಾನ. ಯಾಕ ಇಳಿತೈತಿ ಅನ್ನೂದನ್ನ ಬೆಳಗಾವಿಯೊಳಗ ನೋಡಸ್ರಿ."

ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬಾಟಲಿ ಮೂಸಿದ್ದಕ್ಕೆ ಅಳುತ್ತಿದ್ದಾಳೆಂದು ನನಗೆ ತಿಳಿಯಿತು.

ಬೆಳಗಾವಿಯ ಆಸ್ಪತ್ರೆಯಲ್ಲಿ ನನ್ನನ್ನು ಬೇಕೆಂದೇ ಉಪವಾಸ ಕೆಡವಿದರು. ನೀರು ಮಾತ್ರ. ಆಗಾಗ ರಕ್ತ ತೆಗೆಯುತ್ತಿದ್ದರು. ಸಕ್ಕರೆ ಇಳಿದು ನಾನು ತಪ್ಪಿ ಮಾತಾಡತೊಡಗಿದ ಗಳಿಗೆಯಲ್ಲಿ ತೆಗೆದ ರಕ್ತವೇ ಅವರಿಗೆ ಬೇಕಾಗಿದ್ದದ್ದು. ಅಂದರೆ ನಾನು ಮಾನ ಕಳೆದುಕೊಳ್ಳುವುದನ್ನೇ ಎಲ್ಲರೂ ಕಾಯುತ್ತ ಕುಳಿತಿದ್ದರು. ಎರಡನೆಯ ದಿನ ಅದು ಆಯಿತು. ಎಚ್ಚರವಾದಾಗ ನರ್ಸಮ್ಮ ತನ್ನ ಮುಂಗೈಗೆ ಹತ್ತಿ ಒತ್ತಿ ಹಿಡಿದಿದ್ದಳು. ನಾನು ಉಗುರಿನಿಂದ ಪರಚಿದ್ದೆ. "ಇರ್ಲಿ ಬಿಡ್ರಿ, ರಕ್ತಾ ಸಿಕ್ತಲ್ಲ" ಎಂದಳು.

ಸಕ್ಕರೆ ತಳ ಕಂಡಾಗ ದೇಹ ಇನ್ಸುಲಿನ್ ಬಿಡುವುದನ್ನು ನಿಲ್ಲಿಸಬೇಕು. ನನ್ನ ರಕ್ತದಲ್ಲಿ ಅದು ಹರಿಯುತ್ತಲೇ ಇತ್ತು. ಹೊಟ್ಟೆಯ ಹಿಂಭಾಗದಲ್ಲಿ ಅಡ್ಡ ಮಲಗಿರುವ ಮೇದೋಜೀರಕ ಗ್ರಂಥಿಯಲ್ಲಿ ಒಂದು ಚಿಕ್ಕ ಗಂಟು ಹುಟ್ಟಿ, ಹೊತ್ತುಗೊತ್ತಿಲ್ಲದೆ ಇನ್ಸುಲಿನ್ ಸುರಿಯುತ್ತಿರಬಹುದೆಂದು ಅಲ್ಲಿನ ತಜ್ಞ ಡಾಕ್ಟರು ಹೇಳಿದರು. ಆದರೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದರೂ ರಕ್ತ ಹೀಗೇ ತೋರಿಸುತ್ತದಂತೆ.

"ಮನಿಯೊಳಗ ಯಾರರ ಸಕ್ಕರಿ ಗುಳಗಿ ತಗೋತಾರೇನ್ರಿ?" ಎಂದು ಅವರು ಹೆಂಡತಿಯನ್ನು ಕೇಳಿದರು.

"ನಮ್ಮ ಅತ್ತಿಯಾರು ತಗೋತಾರ್ರಿ."

"ಕೊಡಾವ್ರು ಯಾರು?"

"ನಾನ ಕೊಡ್ತೇನ್ರಿ."

ಅವಳಿಗೆ ಪ್ರಶ್ನೆಯ ಅರ್ಥ ಆದದ್ದು ಕೋಣೆಯಿಂದ ಹೊರಗೆ ಬಂದ ಮೇಲೆ. "ನಾ ನಿಮಗ ಹಾಕೇನಿ ಅಂತ ತಿಳದಾರೇನ್ರಿ ಅವರು?" ಎಂದು ಕಾರಿಡಾರಿನಲ್ಲಿ ನಿಂತು ಕೇಳಿದಳು. ಗುಳಿಗೆಯ ಪರೀಕ್ಷೆಯ ಫಲಿತಾಂಶ ಬರುವವರೆಗೆ ಆಸ್ಪತ್ರೆಯಲ್ಲಿ ಅವಳು ತಂದ ಅನ್ನಕ್ಕೆ ನಾನು ಕೈ ಹಾಕುವಾಗಲೆಲ್ಲ ಬೇರೆ ಕಡೆ ನೋಡುತ್ತಿದ್ದಳು. ಗುಳಿಗೆಯ ಅಂಶ ಇರಲಿಲ್ಲ. ಡಾಕ್ಟರು ತಾವಾಗಿ ಬಂದು ಹೇಳಿದರು. ನನ್ನ ದೆಸೆಯಿಂದ ಅವಳ ಮೇಲೂ ಒಂದು ಕಲೆ ಬಿದ್ದು ಹೋಯಿತಲ್ಲ ಎಂಬುದು ಮಾತ್ರ ನನ್ನ ಮನಸ್ಸಿನಿಂದ ಹೋಗಲಿಲ್ಲ.

ಇನ್ನು ಗಂಟು ಎಲ್ಲಿದೆ ಎಂದು ಕಾಣಬೇಕಿತ್ತು. ಕಾಣದೆ ಕತ್ತಿ ಹಾಕುವುದಿಲ್ಲ ಎಂದು ಶಸ್ತ್ರಚಿಕಿತ್ಸೆಯ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮೊದಲು ನರಕ್ಕೆ ಬಣ್ಣದ ಔಷಧಿ ಕೊಟ್ಟು ಸಿಟಿ ಸ್ಕ್ಯಾನ್ ಮಾಡಿದರು. ಏನೂ ಇಲ್ಲ. ಆಮೇಲೆ ವಿಕಿರಣದ ಔಷಧಿ ಚುಚ್ಚಿ ಮಾಡುವ ಪೆಟ್ ಸ್ಕ್ಯಾನ್. ಇಂಥ ಗಂಟುಗಳ ಮೈಮೇಲೆ ಬೀಗದಂತೆ ಕೆಲವು ಜಾಗಗಳಿರುತ್ತವೆ, ಔಷಧಿ ಕೀಲಿಯಂತೆ ಹೋಗಿ ಅಲ್ಲಿ ಕೂಡುತ್ತದೆ, ಔಷಧಿಗೆ ಕಟ್ಟಿದ ವಿಕಿರಣ ಯಂತ್ರಕ್ಕೆ ಕಾಣುತ್ತದೆ ಎಂದು ವಿವರಿಸಿದರು. ಸೀಸದ ಕವಚದೊಳಗಿನ ಸಿರಿಂಜು ನೋಡಿ ನನಗೆ ಭಯವಾಗಲಿಲ್ಲ, ಆಸೆಯಾಯಿತು. ಅದರಲ್ಲೂ ಏನೂ ಕಾಣಲಿಲ್ಲ. ಇನ್ಸುಲಿನ್ ಸುರಿಸುವ ಗಂಟುಗಳಲ್ಲಿ ಕೆಲವಕ್ಕೆ ಆ ಬೀಗವೇ ಕಡಿಮೆಯಂತೆ. ಬೇರೆ ಬೀಗಕ್ಕೆ ಬೇರೆ ಕೀಲಿ ಬೇಕು, ಅದು ಬೆಂಗಳೂರಿನಲ್ಲಿ ಇದೆ, ಅಲ್ಲಿ ದಿನ ಗೊತ್ತು ಮಾಡಿಸುತ್ತೇನೆ, ಅಲ್ಲಿಯವರೆಗೆ ಇನ್ಸುಲಿನ್ ತಡೆಯುವ ಗುಳಿಗೆ ತೆಗೆದುಕೊಳ್ಳಿ ಎಂದು ತಜ್ಞರು ಕಳಿಸಿದರು.

ಆ ಗುಳಿಗೆ ನನಗೆ ಹೊಂದಿತು. ಮುಖ ಸ್ವಲ್ಪ ಬಾತರೂ ತಲೆ ನೆಟ್ಟಗಿತ್ತು. ಟಾಯರ್ ಸೆಕ್ಷನ್ನಿನಲ್ಲಿ ದಿನವಿಡೀ ಗಾಲಿ ಉರುಳಿಸುವಾಗ ಹೊರಗೆ ಹೋಗುವ ಗಾಡಿಗಳ ಡ್ರೈವರುಗಳು ಹಾರ್ನು ಹೊಡೆದು ನಗುತ್ತಿದ್ದರು. ಒಮ್ಮೆ ಸ್ಟೇರಿಂಗ್ ಹಿಡಿದು ರಾಮದುರ್ಗಕ್ಕೆ ಹೋಗಿ ಬಂದರೆ ಎಲ್ಲರ ಬಾಯಿ ಮುಚ್ಚುತ್ತದೆ ಎಂಬ ವಿಚಾರ ನನ್ನ ತಲೆ ಹೊಕ್ಕಿತು. ಬೇರೊಬ್ಬ ಡಾಕ್ಟರರ ಹತ್ತಿರ ಹೋಗಿ ಎರಡೂ ಸ್ಕ್ಯಾನ್ ತೋರಿಸಿದೆ. ರಕ್ತದ ವಿಷಯ ಹೇಳಲಿಲ್ಲ. ಅವರು ನನ್ನನ್ನು ನಡೆಸಿ, ಓದಿಸಿ, ಗಾಡಿ ಓಡಿಸಬಹುದೆಂದು ಬರೆದುಕೊಟ್ಟರು. ಹೆಂಡತಿಗೂ ಹೇಳಲಿಲ್ಲ.

ಡಿಪೋದ ಸಾಹೇಬರಿಗೂ ಡ್ರೈವರುಗಳ ಕೊರತೆಯಿತ್ತು. ನನಗೆ ಹಳೆಯ ಗಾಡಿಯನ್ನೇ ಕೊಟ್ಟರು. ಹತ್ತಿ ಕುಳಿತು ಇಂಜಿನ್ ಚಾಲು ಮಾಡಿದೆ. ಮಂದಿ ಏರತೊಡಗಿದರು. ಬುಟ್ಟಿ ಹೊತ್ತ ಹೆಂಗಸೊಬ್ಬಳು ನನ್ನ ಮುಖ ನೋಡಿ, ಮೆಟ್ಟಿಲ ಮೇಲೆ ಕಾಲಿಟ್ಟವಳು ಇಳಿದು, "ನಾ ಮುಂದಿನ ಗಾಡಿಗೆ ಬರ್ತೇನಿ" ಎಂದಳು. ಆಗ ಸಂಗೊಳ್ಳಿಯ ಆ ಕಂಡಕ್ಟರು ನನ್ನ ಬಳಿ ಬಂದಳು. ಆ ದಿನದ ನಂತರ ನಾವಿಬ್ಬರೂ ಎದುರು ಬದುರಾದದ್ದು ಅದೇ ಮೊದಲು.

"ಅಣ್ಣಾರ, ನಾಷ್ಟಾ ಆಗೈತಲಾ?"

"ಆಗೇತಿ, ತಂಗಿ." ಅವಳ ಮುಖ ನೋಡದೆ ಹೇಳಿದೆ. "ಆವತ್ತ ನಾ ನಿನಗ ಏನಂದ್ನಿ?"

"ಅದನ್ನ ನಾ ಹೇಳಾಂಗಿಲ್ರಿ."

"ನನಗ ಗೊತ್ತಾಗಬೇಕು."

"ಗೊತ್ತಾಗಿ ಏನ್ ಮಾಡ್ತೀರಿ? ನನಗ ಮರೀಲಾಕ ಆಗವಲ್ದು, ನಿಮಗರ ನೆನಪಿಲ್ಲ. ಹಂಗ ಇರ್ಲಿ ಬಿಡ್ರಿ." ಚೀಲದ ಪಟ್ಟಿ ಸರಿಮಾಡಿಕೊಂಡಳು. "ಮುರಗೋಡ ಬಂದಕೂಡ್ಲೆ ಒಮ್ಮಿ ನಿಲ್ಲಸ್ರಿ. ನಾ ಮುಂದ ಬಂದು ನಿಮ್ಮ ಮುಖಾ ನೋಡಿ ಹೋಗ್ತೇನಿ. ಆಮ್ಯಾಲೆ ಹೋಗೂಣು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೆದರಿಕೆ ಇತ್ತು, ಅದನ್ನು ಮುಚ್ಚುವ ಮರ್ಯಾದೆಯೂ ಇತ್ತು. ಕನ್ನಡಿಯಲ್ಲಿ ಹಿಂದೆ ನೋಡಿದೆ. ಸೀಟು ತುಂಬುತ್ತಿತ್ತು. ಶಾಲೆಗೆ ಹೋಗುವ ಮಕ್ಕಳು, ಯರಗಟ್ಟಿ ಪೇಟೆಗೆ ಹೊರಟ ರೈತರು. ಆವತ್ತು ಮುರಗೋಡದಿಂದ ಯರಗಟ್ಟಿಯವರೆಗೆ ಇಂಥವರನ್ನೇ ನಾನು ಕಣ್ಣು ತೆರೆದುಕೊಂಡು ಕತ್ತಲಲ್ಲಿ ಒಯ್ದಿದ್ದೆ. ಆ ದಾರಿಯ ಒಂದೇ ಒಂದು ತಿರುವು ನನಗೆ ನೆನಪಿಲ್ಲ. ಮಾನ ಹೋಯಿತೆಂದು ಇಷ್ಟು ದಿನ ಅತ್ತವನಿಗೆ ಈ ಲೆಕ್ಕ ತಲೆಗೆ ಬಂದಿರಲಿಲ್ಲ ಎಂಬುದು ಆ ಸೀಟಿನ ಮೇಲೆ ಕುಳಿತಾಗ ಗೊತ್ತಾಯಿತು.

ಇಂಜಿನ್ ಬಂದ್ ಮಾಡಿ ಕೆಳಗಿಳಿದೆ. ಸಾಹೇಬರ ಕೋಣೆಗೆ ಹೋಗಿ, "ಬ್ಯಾರೆ ಡ್ರೈವರ್ನ ಕಳಸ್ರಿ. ನನಗ ಇನ್ನೂ ಆರಾಮಾಗಿಲ್ಲ. ಡಾಕ್ಟರ್ಗೆ ನಾ ಅರ್ಧಾ ಮುಚ್ಚಿಟ್ಟು ಬರಸ್ಕೊಂಡ್ ಬಂದೇನಿ" ಎಂದೆ. ಅವರು ಆ ಡಾಕ್ಟರರ ಚೀಟಿಯನ್ನು ವಾಪಸು ಕೊಟ್ಟು, "ಹೋಗಿ ಮದ್ಲ ಅದನ್ನ ಪೂರಾ ಮಾಡಸ್ಕೊಂಡ್ ಬರ್ರಿ" ಎಂದರು. ಮನೆಗೆ ಬಂದು ಹೆಂಡತಿಗೂ ಹೇಳಿದೆ. ಅವಳು ಬೈಯಲಿಲ್ಲ. ಬೆಂಗಳೂರಿಗೆ ಹೊರಡಲು ಚೀಲ ತುಂಬತೊಡಗಿದಳು.

ಬೆಂಗಳೂರಿನ ಸ್ಕ್ಯಾನಿಗೆ ಮುಂಚೆ, ಅಲ್ಲಿಯವರು ಹೇಳಿದಂತೆ, ಗುಳಿಗೆ ನಿಲ್ಲಿಸಿ ಆಸ್ಪತ್ರೆ ಸೇರಬೇಕಾಯಿತು. ಸ್ಕ್ಯಾನಿನ ವಿಭಾಗದ ಡಾಕ್ಟರು ಒಬ್ಬ ಹೆಣ್ಣುಮಗಳು, ನನ್ನ ಮಗಳಿಗಿಂತ ಕೆಲವೇ ವರ್ಷ ದೊಡ್ಡವರು. ಕುರ್ಚಿ ಎಳೆದು ಎದುರಿಗೆ ಕುಳಿತು ಹೇಳಿದರು: "ಈ ಔಷಧಿ ನಿಮ್ಮ ಗಂಟಿಗೆ ಹೋಗಿ ಅಂಟಿಕೊಳ್ಳುತ್ತೆ. ಅಂಟಿಕೊಂಡಾಗ ಗಂಟು ಇನ್ನಷ್ಟು ಇನ್ಸುಲಿನ್ ಬಿಡಬಹುದು. ಸಕ್ಕರೆ ಬೇಗ ಇಳಿಯುತ್ತೆ. ಅದಕ್ಕೇ ಗ್ಲುಕೋಸ್ ಡ್ರಿಪ್ ಹಾಕಿರ್ತೀವಿ, ಪಕ್ಕದಲ್ಲೇ ಇರ್ತೀವಿ."

ನನಗೆ ಅರ್ಥವಾಯಿತು. ಗಂಟು ಕಾಣಬೇಕಾದರೆ ಯರಗಟ್ಟಿಯ ಆ ಮನುಷ್ಯ ಮತ್ತೆ ಎದ್ದು ಬರಬಹುದು, ಅದೂ ಈ ಹೆಣ್ಣುಮಕ್ಕಳ ಎದುರಿಗೆ. "ಮೇಡಮ್ಮಾರ, ನನ್ನ ಬಾಯಿಂದ ಏನರ ಬಂದ್ರ..." ಎಂದು ಶುರುಮಾಡಿದೆ.

"ನಾವು ಆ ಹೊತ್ತಲ್ಲಿ ಸಕ್ಕರೆ ನೋಡ್ತಿರ್ತೀವಿ. ಮಾತು ಕೇಳಿಸ್ಕೊಳ್ಳೋಕೆ ಪುರುಸೊತ್ತಿರಲ್ಲ" ಎಂದರು.

ಹೆಂಡತಿಯನ್ನು ಮಾತ್ರ ಹೊರಗೆ ದೂರ ಕೂಡಿಸಿ ಎಂದು ಬೇಡಿಕೊಂಡೆ.

ಆ ಬೆಳಿಗ್ಗೆ ತಯಾರಿಸಿದ ಔಷಧಿ ಕೆಲಸಕ್ಕೆ ಬರಲಿಲ್ಲ. ಅದಕ್ಕೆ ಕಟ್ಟುವ ಗ್ಯಾಲಿಯಂ ಎಂಬ ವಿಕಿರಣದ ವಸ್ತುವನ್ನು ಅಲ್ಲೇ ಒಂದು ಯಂತ್ರದಿಂದ ಹಿಂಡಿ ತೆಗೆಯುತ್ತಾರೆ. ಅದು ಗಂಟೆ ಗಂಟೆಗೂ ಅರ್ಧರ್ಧ ಕರಗಿ ಹೋಗುವಂಥದ್ದು, ನಾಳೆಗೆಂದು ಇಟ್ಟುಕೊಳ್ಳುವ ಹಾಗಿಲ್ಲ. ಕಟ್ಟಿದ ಮೇಲೆ ಸರಿಯಾಗಿ ಅಂಟಿದೆಯೇ ಎಂದು ಪರೀಕ್ಷಿಸಿದಾಗ ಬಹುಪಾಲು ಬಿಡಿಯಾಗಿಯೇ ಉಳಿದಿತ್ತಂತೆ. ಚೆಲ್ಲಿದರು. ಯಂತ್ರದಲ್ಲಿ ಮತ್ತೆ ಗ್ಯಾಲಿಯಂ ಕೂಡುವವರೆಗೆ ನಾನು ಖಾಲಿ ಹೊಟ್ಟೆಯಲ್ಲಿ, ಕೈಗೆ ಡ್ರಿಪ್ಪು ಹಾಕಿಸಿಕೊಂಡು ಕಾದೆ. ಎರಡನೆಯ ಸಲ ತಯಾರಿಸಿದ್ದು ಪಾಸಾಯಿತು. ಅಷ್ಟು ಹೊತ್ತೂ ಒಬ್ಬರಲ್ಲೊಬ್ಬರು ಬಂದು ಬೆರಳು ಚುಚ್ಚಿ ನೋಡಿ ಹೋಗುತ್ತಿದ್ದರು.

ಔಷಧಿ ನಿಧಾನ ಏರಿಸಿದರು. ಸ್ವಲ್ಪ ಹೊತ್ತಿಗೆ ವಾಂತಿ ಬಂದ ಹಾಗಾಯಿತು, ತುಟಿ ಜೋಮು ಹಿಡಿಯಿತು. ಆಮೇಲಿನದು ತುಂಡು ತುಂಡು. ಯಂತ್ರದ ಬಿಳಿಯ ಬಳೆಯೊಳಗೆ ನಾನು ಜಾರುತ್ತಿದ್ದೆ. ಬ್ರೇಕು ಹತ್ತುತ್ತಿಲ್ಲ ಎಂದು ಕೂಗುತ್ತಿದ್ದೆ. ಯಾರೋ ಕಾಲು ಹಿಡಿದಿದ್ದರು. "ಡ್ರಿಪ್ ಜಾಸ್ತಿ ಮಾಡಿ" ಎಂಬ ದನಿ. ಹಿಂದೆಯೇ ತೋಳಿನಲ್ಲಿ ತಣ್ಣಗೆ ಏನೋ ಹರಿಯಿತು, ಮತ್ತು ನಾನು ನನ್ನೊಳಗೆ ವಾಪಸು ಬಂದೆ. ಹಾಸಿಗೆ ಒದ್ದೆಯಾಗಿತ್ತು. ಡಾಕ್ಟರಮ್ಮ ತಾವೇ ಒಣ ಚಾದರ ತಂದು ನನ್ನ ಮೇಲೆ ಹೊದೆಸಿದರು. ಕಣ್ಣು ಮುಚ್ಚಿಕೊಂಡೆ. ಐವತ್ತು ದಾಟಿದ ಗಂಡಸು ಮಗಳ ವಯಸ್ಸಿನವರ ಕೈಯಲ್ಲಿ ಹೀಗೆ ಬೀಳಬಾರದು ಎನ್ನಿಸಿತು.

ಮೊದಲ ಚಿತ್ರ ಗೊಂದಲದ್ದೇ ಆಯಿತು. ಈ ಔಷಧಿ ಕಿಡ್ನಿಗಳ ಮೂಲಕ ಹೊರಗೆ ಹೋಗುವುದರಿಂದ ಅವೆರಡೂ ಬೆಂಕಿಯ ಹಾಗೆ ಉರಿಯುತ್ತಿದ್ದವು. ಸಣ್ಣ ಕರುಳು ಶುರುವಾಗುವ ಕಡೆ ಇನ್ನೊಂದು ಹೊಳಪಿತ್ತು. ಅದೇ ಗಂಟು ಎಂದು ನಾನು ಹಿಗ್ಗಿದರೆ, ಡಾಕ್ಟರಮ್ಮ ತಲೆಯಾಡಿಸಿದರು. ಕರುಳಿನ ಆ ಜಾಗ ಎಲ್ಲರಲ್ಲೂ ಸ್ವಲ್ಪ ಹೊಳೆಯುತ್ತದಂತೆ. ಅದನ್ನು ನಂಬಿ ಹೊಟ್ಟೆ ಕೊಯ್ದು ಮೋಸಹೋಗಬಾರದು. ನೀರು ಕುಡಿಸಿ, ಮೂತ್ರ ಮಾಡಿಸಿ, ತಡೆದು ಇನ್ನೊಮ್ಮೆ ತೆಗೆದರು. ಆಮೇಲೆ ನನ್ನನ್ನೂ ಹೆಂಡತಿಯನ್ನೂ ಒಳಗೆ ಕರೆದು ಪರದೆಯ ಮೇಲೆ ತೋರಿಸಿದರು. ಎಡಗಡೆಯ ಕಿಡ್ನಿಯ ಉರಿಗೆ ಆತುಕೊಂಡಂತೆ, ಆದರೆ ಅದರಿಂದ ಬೇರೆಯಾಗಿ, ಮೇದೋಜೀರಕ ಗ್ರಂಥಿಯ ಬಾಲವೆಂದು ಕರೆಯುವ ಎಡಭಾಗದ ತುದಿಯಲ್ಲಿ ಒಂದು ಚುಕ್ಕೆ. ಬಟಾಣಿಯಷ್ಟು.

"ಕರುಳಿನ ಹೊಳಪು ಹರಡಿಕೊಂಡಿದೆ. ಇದು ನೋಡಿ, ತಡವಾದಷ್ಟೂ ಎದ್ದು ಕಾಣ್ತಿದೆ. ಇದೇ" ಎಂದರು.

ಹೆಂಡತಿ ಪರದೆಯ ಹತ್ತಿರ ಬಾಗಿ ನೋಡಿದಳು. "ಇಷ್ಟಽ ಏನ್ರಿ?" ಎಂದಳು.

ಬೆಂಗಳೂರಿನಲ್ಲೇ ಶಸ್ತ್ರಚಿಕಿತ್ಸೆ ಆಯಿತು. ಹೊಟ್ಟೆಗೆ ಸಣ್ಣ ತೂತುಗಳನ್ನು ಹಾಕಿ ಬಾಲದ ತುದಿಯನ್ನು ಗಂಟಿನ ಸಮೇತ ತೆಗೆದರು. ಕೈಯಲ್ಲಿನ ಡ್ರಿಪ್ಪು ನಿಲ್ಲಿಸಿದ ಮೇಲೂ ಸಕ್ಕರೆ ಇಳಿಯಲಿಲ್ಲ. ಕೆಲ ದಿನ ಹೊಲಿಗೆಯ ಪಕ್ಕದ ನಳಿಕೆಯಿಂದ ನೀರು ಸೋರಿ ಜ್ವರ ಬಂತು, ಊರಿಗೆ ಹೊರಡುವುದು ತಡವಾಯಿತು. ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಹೊಟ್ಟೆ ಹಸಿದು ಎಚ್ಚರವಾಯಿತು. ಬರೀ ಹಸಿವು. ತಲೆಯಲ್ಲಿ ಮಂಜಿಲ್ಲ, ಮೈಯಲ್ಲಿ ಬೆವರಿಲ್ಲ. ಹೀಗೆ ಹಸಿದು ಎಷ್ಟು ಕಾಲವಾಗಿತ್ತೋ. ಎದ್ದು ಕುಳಿತು, ಹೆಂಡತಿ ಒಲೆ ಹೊತ್ತಿಸುವ ಸಪ್ಪಳ ಕೇಳುತ್ತ ಅವಸರವಿಲ್ಲದೆ ಕಾದೆ.

ಮತ್ತೆ ಡ್ಯೂಟಿಗೆ ಸೇರುವ ಮೊದಲು ಇಲಾಖೆಯ ಡಾಕ್ಟರುಗಳ ಎದುರು ನಿಂತೆ, ಈ ಸಲ ಏನನ್ನೂ ಮುಚ್ಚಿಡದೆ. ಈಗ ರಾಮದುರ್ಗದ ಗಾಡಿಯೇ ಓಡಿಸುತ್ತೇನೆ. ಸಂಗೊಳ್ಳಿಯ ಹುಡುಗಿ ಕಿತ್ತೂರಿನ ಕಡೆಯ ಗಾಡಿಗೆ ಹೋಗಿದ್ದಾಳೆ. ತಾನೇ ಕೇಳಿ ಬದಲಿಸಿಕೊಂಡಳು ಎಂದು ತಿಳಿಯಿತು. ಸಿಕ್ಕಾಗ ಅಣ್ಣಾರ ಆರಾಮೇನ್ರಿ ಎಂದು ಕೇಳುತ್ತಾಳೆ. ಆ ಬದಲಾವಣೆಯನ್ನು ನಾನು ಅರ್ಥ ಮಾಡಿಕೊಂಡಿದ್ದೇನೆ.

ಕಳೆದ ಸಂತೆಯ ದಿನ ಬೈಲಹೊಂಗಲದಲ್ಲಿ ಹೆಂಡತಿಯ ಜೊತೆ ಕಾಯಿಪಲ್ಯ ಕೊಳ್ಳುತ್ತಿದ್ದೆ. ನನ್ನ ಗಾಡಿಯ ಹಳೆಯ ಪ್ರಯಾಣಿಕರೊಬ್ಬರು, ಯರಗಟ್ಟಿಯ ಅಡತಿ ಅಂಗಡಿಯ ಹಿರಿಯರು, ಎದುರಾದರು. ಹೆಗಲ ಮೇಲೆ ಕೈಯಿಟ್ಟು ಪ್ರೀತಿಯಿಂದಲೇ, "ಬಿಟ್ರಂತ? ಭಾಳ ಚಲೋ ಆತ್ ನೋಡ್ರಿ. ಬಿಡೂದು ಸಣ್ಣ ಮಾತಲ್ಲ" ಎಂದರು.

ಗ್ರಂಥಿ, ಗಂಟು, ಇನ್ಸುಲಿನ್, ಗ್ಯಾಲಿಯಂ, ಎಲ್ಲಿಂದ ಶುರುಮಾಡುವುದು? ಸುತ್ತ ಮಂದಿ ಬೇರೆ. ಮಾತು ಮುಗಿದರೆ ಸಾಕಾಗಿತ್ತು.

"ಹೂಂರಿ" ಎಂದೆ. "ಬಿಟ್ಟೇನ್ರಿ."

ಹೆಂಡತಿ ಕೈಯಲ್ಲಿದ್ದ ಬದನೆಕಾಯಿಯನ್ನು ರಾಶಿಯ ಮೇಲೆ ವಾಪಸು ಇಟ್ಟಳು. ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಆ ಹಿರಿಯರಿಗೆ ಹೇಳಿದಳು: "ಇವ್ರು ಎಂದೂ ಕುಡದಿಲ್ರಿ ಕಾಕಾರ. ಹೊಟ್ಟ್ಯಾಗ ಗಂಟ ಇತ್ತು. ತಗಿಸೇವಿ."

ಅವರು ತಬ್ಬಿಬ್ಬಾಗಿ ಏನೋ ಹೇಳಿ ಮುಂದೆ ಹೋದರು. ಅವಳು ನನ್ನ ಕಡೆ ನೋಡಲಿಲ್ಲ. ಮತ್ತೆ ಕುಕ್ಕರಗಾಲಲ್ಲಿ ಕುಳಿತು ಬದನೆಕಾಯಿ ಆರಿಸತೊಡಗಿದಳು. ಸ್ಟ್ಯಾಂಡಿನಲ್ಲಿ, ಆಸ್ಪತ್ರೆಯ ಮಂಚದ ಮೇಲೆ, ಯಂತ್ರದೊಳಗೆ ನಾನು ಆಡಿದ್ದೆಲ್ಲಕ್ಕೂ ಆ ಗಂಟು ಹೊಣೆ. ಬಿಟ್ಟೇನ್ರಿ ಎಂಬ ಈ ಒಂದು ಮಾತನ್ನು ಪೂರಾ ಎಚ್ಚರದಲ್ಲಿ, ಹೊಟ್ಟೆ ತುಂಬ ಉಂಡು ಬಂದು, ನಾನೇ ಆಡಿದ್ದೆ. ಚೀಲ ಹಿಡಿದು ಅವಳ ಹಿಂದೆ ನಿಂತುಕೊಂಡೆ.